ಕಣ್ಣಿಗೆ ಕಾಣದ ಕೆಂಪು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಅಕ್ಕನ ಮನೆಗೆ ಅಂಚೆಯಲ್ಲಿ ಬಂದ ಆ ಲಕೋಟೆಗೆ ಮನೆಯೊಳಗೆ ಜಾಗವೇ ಸಿಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಇಡುವ ಹಾಗಿಲ್ಲ, ಊಟದ ಮೇಜಿನ ಮೇಲಂತೂ ಆಗದು, ದೇವರ ಗೂಡಿನ ಪಕ್ಕದ ಡ್ರಾಯರಿಗೆ ಹಾಕಲು ಕೈ ಬಾರದು. ಕಡೆಗೆ ಅದು ಹೊರಬಾಗಿಲ ಬಳಿಯ ಚಪ್ಪಲಿ ಗೂಡಿನ ಮೇಲೆ ಕೂತಿತು. ಒಳಗಿದ್ದದ್ದು ಇಷ್ಟೇ: ಹೆಬ್ಬೆರಳಿನಷ್ಟು ಗಾತ್ರದ ಪ್ಲಾಸ್ಟಿಕ್ ಶೀಶೆ, ಅದರ ಮುಚ್ಚಳಕ್ಕೆ ಅಂಟಿಕೊಂಡೇ ಇರುವ ತೆಳ್ಳನೆಯ ಕಡ್ಡಿ, ಚಿತ್ರ ಬಿಡಿಸಿ ತೋರಿಸಿದ ಸೂಚನೆಯ ಹಾಳೆ, ಅಂಚೆಚೀಟಿ ಹಚ್ಚದೆ ಹಿಂದಿರುಗಿಸಬಹುದಾದ ಇನ್ನೊಂದು ಲಕೋಟೆ. ಅಕ್ಕನಿಗೆ ಆಗ 58. "ಇದರೊಳಗೆ ಅದನ್ನ ಹಾಕಿ ಪೋಸ್ಟ್ ಮಾಡ್ಬೇಕಂತೆ ಮಾರಾಯ್ತಿ" ಎಂದು ಫೋನಿನಲ್ಲಿ ಹೇಳಿದಳು. 'ಅದು' ಎಂದರೆ ಏನೆಂದು ನಾನು ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ತೀರ್ಥಹಳ್ಳಿ ಕಡೆಯ ಒಂದೇ ಮನೆಯಲ್ಲಿ ಬೆಳೆದ ನಮ್ಮಿಬ್ಬರ ಬಾಯಿಗೂ ಆ ಪದ ಸಲೀಸಾಗಿ ಬರುವುದಿಲ್ಲ.

ನಮ್ಮ ಭಾಷೆಯಲ್ಲಿ ಈ ಒಂದು ಕೆಲಸಕ್ಕೆ ಎಷ್ಟು ಮರೆಯ ಮಾತುಗಳಿವೆ! ನಮ್ಮಲ್ಲಿ ಹಿರಿಯರು 'ಗುಡ್ಡಕ್ಕೆ ಹೋಗಿ ಬರ್ತೀನಿ' ಎನ್ನುತ್ತಿದ್ದರು. ಬಯಲುಸೀಮೆಯಲ್ಲಿ 'ಕೆರೆಕಡೆ', 'ಬಯಲಕಡೆ'. ಉತ್ತರ ಕರ್ನಾಟಕದಲ್ಲಿ 'ಚರಗಿ ತಗೊಂಡು ಹೋಗೋದು'. ಶಾಲೆಯಲ್ಲಿ ಮಕ್ಕಳು ಎರಡು ಬೆರಳು ತೋರಿಸಿದರೆ ಸಾಕು. ಎಲ್ಲ ಮಾತೂ ಹೋಗುವುದರ ಬಗ್ಗೆ, ಹೋದ ಮೇಲೆ ಕಂಡದ್ದರ ಬಗ್ಗೆ ಒಂದೂ ಇಲ್ಲ. ಆದರೆ ಇದೇ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಬಂದ ಅಜ್ಜಿ ಮೊದಲು ಕೇಳುವ ಪ್ರಶ್ನೆ, ಕೂಸು ಇವತ್ತು ಯಾವ ಬಣ್ಣದಲ್ಲಿ ಮಾಡಿತು, ಗಟ್ಟಿಯೋ ತೆಳುವೋ, ಎಷ್ಟು ಸಲ ಎಂದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹಳೆಯ ವೈದ್ಯಪದ್ಧತಿಯ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿ, ಮೂತ್ರ, ನಾಲಿಗೆ, ದನಿಯ ಜೊತೆಗೆ ಮಲಕ್ಕೂ ಒಂದು ಸ್ಥಾನವಿದೆ. ಕೂಸಿನ ಕಾಲಕ್ಕೆ ಇರುವ ಈ ನಿಸ್ಸಂಕೋಚ ನಡುವಯಸ್ಸಿಗೆ ಎಲ್ಲಿ ಕಳೆದುಹೋಗುತ್ತದೋ! ಅದು ಬೇಕಾಗಿ ಬರುವುದೇ ಆ ವಯಸ್ಸಿನಲ್ಲಿ.

ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಹೊಟ್ಟೆಯ ಬಲಗಡೆ ಕೆಳಗೆ ಆರಂಭವಾಗಿ, ಮೇಲೆ ಹತ್ತಿ, ಅಡ್ಡಲಾಗಿ ಸಾಗಿ, ಎಡಗಡೆ ಇಳಿದು ಗುದದ್ವಾರಕ್ಕೆ ಬಂದು ಮುಗಿಯುತ್ತದೆ. ಅದರ ಒಳಪದರದಲ್ಲಿ ಕೆಲವರಿಗೆ ವಯಸ್ಸಾಗುತ್ತ ಸಣ್ಣ ಗಂಟುಗಳು ಮೂಡುತ್ತವೆ. ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತವು ಕೆಲವು, ಚಪ್ಪಟೆಯಾಗಿ ಹರಡಿಕೊಂಡವು ಕೆಲವು. ಇವೇ ಪಾಲಿಪ್‌ಗಳು. ಬಹುಪಾಲು ಏನೂ ಮಾಡುವುದಿಲ್ಲ. ಕೆಲವು ಮಾತ್ರ ಬೆಳೆಯುತ್ತ ಹೋಗಿ ಕ್ಯಾನ್ಸರ್ ಆಗುತ್ತವೆ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಇಷ್ಟು ನಿಧಾನವಾಗಿ, ಇಷ್ಟು ದೀರ್ಘ ಅವಕಾಶ ಕೊಟ್ಟು ಬರುವ ಕ್ಯಾನ್ಸರ್‌ಗಳು ಹೆಚ್ಚಿಲ್ಲ. ಆ ಹತ್ತು ವರ್ಷದಲ್ಲಿ ನೋವಿಲ್ಲ, ಜ್ವರವಿಲ್ಲ, ಹಸಿವು ಕಟ್ಟುವುದಿಲ್ಲ. ಆದರೆ ಬೆಳೆಯುವ ಗಂಟಿನ ಮೈ ಮೆದು. ಮಲ ಅದನ್ನು ಉಜ್ಜಿಕೊಂಡು ಸಾಗುವಾಗ ಆಗೀಗ ಒಂದೆರಡು ಹನಿ ರಕ್ತ ಜಿನುಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಬಣ್ಣ ಬದಲಾಗುವಷ್ಟೂ ಅಲ್ಲ. ಶೀಶೆಯೊಳಗಿನ ಕಡ್ಡಿ ಹುಡುಕುವುದು ಆ ಹನಿಗಳನ್ನು.

ಈ ಹುಡುಕಾಟಕ್ಕೆ ನೂರಾರು ವರ್ಷದ ಕಥೆಯಿದೆ. ಕೆರಿಬಿಯನ್ ದ್ವೀಪಗಳಲ್ಲಿ ಗ್ವಾಯಕಂ ಎಂಬ ಮರ ಬೆಳೆಯುತ್ತದೆ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಕಟ್ಟಿಗೆ ಅದರದು, ಅದರ ನೀಲಿ ಹೂವು ಜಮೈಕಾದ ರಾಷ್ಟ್ರೀಯ ಹೂವು. ಮರದ ಕಟ್ಟಿಗೆಯನ್ನೂ ಅಂಟನ್ನೂ ಹದಿನಾರನೇ ಶತಮಾನದಲ್ಲಿ ಯುರೋಪಿನವರು ಸಿಫಿಲಿಸ್‌ಗೆ ಮದ್ದೆಂದು ಹಡಗು ತುಂಬಿ ತರಿಸಿಕೊಂಡರು. ಅದು ಆ ರೋಗವನ್ನು ಗುಣಪಡಿಸಲಿಲ್ಲ. ಆದರೆ ಆ ಅಂಟಿಗೆ ರಕ್ತ ತಾಗಿ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಬಿದ್ದರೆ ನೀಲಿಯಾಗುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಗೊತ್ತಾಯಿತು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಅಂಶ ಈ ಬಣ್ಣದ ಬದಲಾವಣೆಯನ್ನು ಚುರುಕುಗೊಳಿಸುತ್ತದೆ. 1901ರಲ್ಲಿ ಬರ್ಲಿನ್ನಿನ ವೈದ್ಯ ಇಸ್ಮಾರ್ ಬೋವಾಸ್ ಇದನ್ನು ಮಲಕ್ಕೆ ಅನ್ವಯಿಸಿ, ಕಣ್ಣಿಗೆ ಕಾಣದ ಈ ಸ್ರಾವಕ್ಕೆ ಗುಪ್ತ ರಕ್ತಸ್ರಾವ ಎಂಬ ಅರ್ಥದ ಹೆಸರಿಟ್ಟರು. ಜಠರ ಮತ್ತು ಕರುಳಿನ ಕಾಯಿಲೆಗಳನ್ನೇ ಪ್ರತ್ಯೇಕ ವೈದ್ಯಶಾಖೆಯಾಗಿ ಬೆಳೆಸಿದ ಮೊದಲಿಗರಲ್ಲಿ ಒಬ್ಬರು ಅವರು. ಯಹೂದಿಯಾಗಿದ್ದ ಬೋವಾಸ್ ಮುಪ್ಪಿನಲ್ಲಿ ಜರ್ಮನಿ ಬಿಟ್ಟು ವಿಯೆನ್ನಾಕ್ಕೆ ಹೋದರು. 1938ರ ಮಾರ್ಚಿನಲ್ಲಿ ನಾಜಿ ಸೇನೆ ಅಲ್ಲಿಗೂ ಬಂದಾಗ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಇಂದು ಪ್ರಪಂಚದ ಯಾವ ಮೂಲೆಯಲ್ಲಾದರೂ ಲ್ಯಾಬ್ ಚೀಟಿಯ ಮೇಲೆ 'ಅಕಲ್ಟ್ ಬ್ಲಡ್' ಎಂದು ಬರೆದಾಗ ಆ ಮನುಷ್ಯನ ಪದವನ್ನೇ ಬರೆಯುತ್ತಾರೆ.

ಪರೀಕ್ಷೆಯನ್ನು ಆಸ್ಪತ್ರೆಯಿಂದ ಮನೆಯ ಬಚ್ಚಲಿಗೆ ತಂದವರು ಅಮೆರಿಕದ ಓಹಾಯೋ ರಾಜ್ಯದ ವೈದ್ಯ ಡೇವಿಡ್ ಗ್ರೀಗರ್. ಗ್ವಾಯಕಂ ಸವರಿದ ಕಾಗದವನ್ನು ರಟ್ಟಿನೊಳಗೆ ಕೂರಿಸಿ, ರೋಗಲಕ್ಷಣವೇ ಇಲ್ಲದವರಿಗೆ ಕೊಟ್ಟು, ಮನೆಯಲ್ಲೇ ಹಲವು ದಿನದ ಮಾದರಿ ಹಚ್ಚಿ ತರಲು ಹೇಳಿದರು. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇದರಿಂದ ಸಾವು ನಿಜಕ್ಕೂ ತಪ್ಪುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಮಿನ್ನೆಸೋಟಾ ರಾಜ್ಯದಲ್ಲಿ 50ರಿಂದ 80 ವಯಸ್ಸಿನ 46,551 ಮಂದಿಯನ್ನು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದರು. 1993ರಲ್ಲಿ ಫಲಿತಾಂಶ ಬಂತು: ಪ್ರತಿ ವರ್ಷ ಪರೀಕ್ಷೆ ಮಾಡಿಸಿಕೊಂಡವರ ಗುಂಪಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್‌ನಿಂದಾಗುವ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆ. ಅಧ್ಯಯನ ಆರಂಭವಾಗಿ 30 ವರ್ಷದ ನಂತರ ಮತ್ತೆ ಲೆಕ್ಕ ಹಾಕಿದಾಗಲೂ ಆ ಅಂತರ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಒಂದು ಮರದ ಅಂಟು, ಒಂದು ರಟ್ಟಿನ ಚೂರು, ಅದರಿಂದ ಇಷ್ಟು ಜೀವ. ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಗ್ವಾಯಕಂ ಕಾಗದಕ್ಕೆ ತೊಡಕುಗಳಿದ್ದವು. ರಕ್ತ ಮನುಷ್ಯನದೋ ತಿಂದ ಮಾಂಸದ್ದೋ ಅದಕ್ಕೆ ತಿಳಿಯದು. ಹಂದಿ, ಕುರಿ ಮಾಂಸ ಉಂಡವರಲ್ಲಿ ಸುಮ್ಮನೆ ನೀಲಿಯಾಗಬಹುದು. ಮೂಲಂಗಿ, ಹೂಕೋಸಿನಲ್ಲಿರುವ ಕಿಣ್ವವೂ ಅದನ್ನು ನೀಲಿ ಮಾಡಬಲ್ಲದು. ಅದಕ್ಕೇ ಮೂರು ದಿನ ಮೊದಲಿನಿಂದ ಪಥ್ಯ. ತಿರುಗಾ ಮುರುಗಾ ತೊಂದರೆಯೂ ಉಂಟು: ಸಿ ವಿಟಮಿನ್ ಮಾತ್ರೆ ಹೆಚ್ಚು ನುಂಗಿದವರಲ್ಲಿ ರಕ್ತವಿದ್ದರೂ ನೀಲಿಯಾಗದೆ ಹೋಗಬಹುದು. ನಮ್ಮಲ್ಲಿ ಈಗಲೂ ಹಲವು ಲ್ಯಾಬ್‌ಗಳಲ್ಲಿ ನಡೆಯುವುದು ಈ ಹಳೆಯ ರಾಸಾಯನಿಕ ಪರೀಕ್ಷೆಯೇ. ಅಕ್ಕನಿಗೆ ಬಂದದ್ದು ಅದರ ಮುಂದಿನ ತಲೆಮಾರಿನದು, ಅಲ್ಲಿಯವರು ಅದನ್ನು 'ಫಿಟ್' ಎನ್ನುತ್ತಾರೆ. ಅದು ಮನುಷ್ಯನ ಹಿಮೋಗ್ಲೋಬಿನ್ನಿಗೆ ಮಾತ್ರ ಕಚ್ಚಿಕೊಳ್ಳುವ ಪ್ರತಿಕಾಯಗಳನ್ನು ಬಳಸುತ್ತದೆ. ಮಾಂಸವಾಗಲಿ ಮೂಲಂಗಿಯಾಗಲಿ ಅದನ್ನು ಮೋಸಗೊಳಿಸುವುದಿಲ್ಲ, ಪಥ್ಯವೂ ಬೇಕಿಲ್ಲ. ಇನ್ನೊಂದು ಗುಣ: ಜಠರದಲ್ಲಿ, ಸಣ್ಣಕರುಳಿನಲ್ಲಿ ಸುರಿದ ರಕ್ತದ ಗ್ಲೋಬಿನ್ ಕೆಳಗೆ ಬರುವಷ್ಟರಲ್ಲಿ ಜೀರ್ಣವಾಗಿ ಹೋಗುವುದರಿಂದ ಫಿಟ್‌ಗೆ ಸಿಗುವುದು ಬಹುಮಟ್ಟಿಗೆ ದೊಡ್ಡಕರುಳಿನ ರಕ್ತ. ಅಂದರೆ ಹೊಟ್ಟೆಹುಣ್ಣು ಇದ್ದವರು ಇದನ್ನು ನೆಚ್ಚಿ ಕೂರುವಂತಿಲ್ಲ.

ಜಪಾನ್ 1992ರಿಂದಲೇ 40 ದಾಟಿದವರಿಗೆ ಎರಡು ದಿನದ ಮಾದರಿಯ ಫಿಟ್ ಮಾಡುತ್ತಿದೆ. ಇಂಗ್ಲೆಂಡ್ 2006ರಲ್ಲಿ ಗ್ವಾಯಕಂ ರಟ್ಟುಗಳನ್ನು ಅಂಚೆಯಲ್ಲಿ ಕಳಿಸುವುದರಿಂದ ಶುರು ಮಾಡಿ, 2019ರ ಜೂನ್‌ನಲ್ಲಿ ಫಿಟ್‌ಗೆ ಬದಲಾಯಿತು. ಹಳೆಯ ರಟ್ಟಿಗೆ ಮೂರು ಬೇರೆ ಬೇರೆ ಸಲದ ಮಾದರಿ ಹಚ್ಚಬೇಕಿತ್ತು, ಇದಕ್ಕೆ ಒಂದೇ ಸಾಕು. ಅಷ್ಟಕ್ಕೇ, ಅಲ್ಲಿ ಪ್ರಾಯೋಗಿಕವಾಗಿ ನಡೆಸಿದಾಗ ಹಿಂದಿರುಗಿ ಬಂದ ಲಕೋಟೆಗಳು ನೂರಕ್ಕೆ 59ರಿಂದ 66ಕ್ಕೆ ಏರಿದವು. ಸಂಕೋಚ ಎನ್ನುವುದನ್ನು ಅಳೆಯಬಹುದಾದರೆ ಇದೇ ಅಳತೆ ಎಂದು ನನಗನ್ನಿಸುತ್ತದೆ. ಎರಡು ಸಲ ಕಡಿಮೆ ಮುಟ್ಟುವ ಹಾಗಾದದ್ದಕ್ಕೆ ನೂರರಲ್ಲಿ ಏಳು ಜನ ಹೆಚ್ಚು ಮುಂದೆ ಬಂದರು. ದಕ್ಷಿಣ ಏಷ್ಯಾದಿಂದ ಹೋಗಿ ನೆಲೆಸಿದ ಕುಟುಂಬಗಳಲ್ಲಿ ಈ ಲಕೋಟೆ ಹಿಂದಿರುಗುವುದು ಉಳಿದವರಿಗಿಂತ ಕಡಿಮೆ ಎಂದು ಅಲ್ಲಿಯ ಅಧ್ಯಯನಗಳು ಹೇಳುತ್ತಲೇ ಬಂದಿವೆ. ನಮ್ಮಕ್ಕನ ಚಪ್ಪಲಿ ಗೂಡನ್ನು ಬಲ್ಲ ನನಗೆ ಅದರಲ್ಲಿ ಆಶ್ಚರ್ಯವಿಲ್ಲ.

ಒಂದು ತಿಂಗಳಿಗೆ ನೆನಪಿನೋಲೆ ಬಂತು. ಆ ರಾತ್ರಿ ಅವಳು ಮತ್ತೆ ಫೋನು ಮಾಡಿದಳು. ಲಕೋಟೆಯ ಮಾತು ಎತ್ತಲಿಲ್ಲ. "ಚಿಕ್ಕಪ್ಪಂಗೂ ಆಪರೇಶನ್ ಆದಾಗ 58 ಅಲ್ಲನೇ?" ಎಂದಳು. ಹೌದು ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ನಮ್ಮ ಚಿಕ್ಕಪ್ಪ ಅಡಿಕೆ ತೋಟದವರು. ಧರೆ ಹತ್ತಿ ಇಳಿದು ಜೀವ ಸವೆಸಿದವರು. ಒಂದು ಮಳೆಗಾಲ ಮುಗಿದ ಮೇಲೆ ತೋಟದಿಂದ ಮನೆಗೆ ಹತ್ತುವ ದಾರಿಯಲ್ಲಿ ಎರಡು ಕಡೆ ಕೂರತೊಡಗಿದರು. ಊರ ಹತ್ತಿರದ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ "ರಕ್ತ ಕಮ್ಮಿ ಇದೆ" ಎಂದರು. ಹಿಮೋಗ್ಲೋಬಿನ್ ಎಂಟರ ಕೆಳಗಿತ್ತು. ಟಾನಿಕ್ ಬಂತು, ಕಬ್ಬಿಣಾಂಶದ ಮಾತ್ರೆ ಬಂತು, ಚಿಕ್ಕಮ್ಮ ಬೀಟ್‌ರೂಟ್ ಪಲ್ಯ, ಖರ್ಜೂರ ಶುರು ಮಾಡಿದರು. ಎರಡು ತಿಂಗಳಲ್ಲಿ ರಕ್ತ ಹತ್ತಕ್ಕೆ ಏರಿತು, ಎಲ್ಲರಿಗೂ ಸಮಾಧಾನ. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಇಳಿಯಿತು. ಮತ್ತೆ ಟಾನಿಕ್. ಈ ನಡುವೆ ಒಮ್ಮೆ ಮಲದಲ್ಲಿ ಕೆಂಪು ಕಂಡಿತೆಂದು ಚಿಕ್ಕಮ್ಮನ ಹತ್ತಿರ ಹೇಳಿದ್ದರಂತೆ. "ಉಷ್ಣ ಆಗಿದೆ" ಎಂದು ಮಜ್ಜಿಗೆ, ಎಳನೀರು. ಮೂಲವ್ಯಾಧಿ ಇರಬೇಕೆಂದು ಮುಟ್ಟಿದರೆ ಮುನಿಯ ಕಷಾಯ, ವಾರಕ್ಕೆರಡು ಸಲ ಸುವರ್ಣಗಡ್ಡೆ. ಅಂಗಡಿಯಿಂದ ಒಂದು ಮುಲಾಮು. ಯಾರೂ ಯಾರಿಗೂ ಕೇಡು ಬಯಸಿರಲಿಲ್ಲ. ಗಂಡಸು, ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುವವರು, ಮುಟ್ಟಿನ ಸ್ರಾವ ಇಲ್ಲದ ದೇಹ. ಆ ರಕ್ತ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಮಾತ್ರ ವೈದ್ಯರೂ ಕೇಳಲಿಲ್ಲ, ಮನೆಯವರಾದ ನಾವೂ ಕೇಳಲಿಲ್ಲ. ವರ್ಷ ದಾಟಿದ ಮೇಲೆ ಹೊಟ್ಟೆ ಕಟ್ಟಿ ವಾಂತಿಯಾಗತೊಡಗಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದಾಗ ಗೊತ್ತಾಯಿತು. ದೊಡ್ಡಕರುಳಿನ ಬಲಭಾಗದಲ್ಲಿ ಗೆಡ್ಡೆ, ಯಕೃತ್ತಿನವರೆಗೂ ಬೇರು. ಆಪರೇಶನ್ ಆದ ಮೇಲೆ ಹದಿನೈದು ತಿಂಗಳು ಇದ್ದರು.

ಬಲಭಾಗ ಎನ್ನುವುದರಲ್ಲೇ ಈ ರೋಗದ ಮೋಸವಿದೆ. ಅಲ್ಲಿ ಕರುಳು ಅಗಲ, ಒಳಗಿರುವುದು ಇನ್ನೂ ನೀರು ನೀರು. ಗೆಡ್ಡೆ ನಿಂಬೆಹಣ್ಣಿನಷ್ಟಾದರೂ ದಾರಿ ಕಟ್ಟುವುದಿಲ್ಲ. ಜಿನುಗಿದ ರಕ್ತ ಮುಂದೆ ಸಾಗುತ್ತ ಚೆನ್ನಾಗಿ ಬೆರೆತು ಬಣ್ಣ ಕಳೆದುಕೊಳ್ಳುತ್ತದೆ. ಎಡಭಾಗದಲ್ಲಾದರೆ ದಾರಿ ಕಿರಿದು, ಮಲಬದ್ಧತೆಯೋ ಭೇದಿಯೋ ಆಗಿ, ಕೆಂಪು ಕಂಡು, ಮನುಷ್ಯ ಎಚ್ಚರವಾಗುತ್ತಾನೆ. ಬಲಗಡೆಯದು ಕಾಣಿಸಿಕೊಳ್ಳುವುದು ಸುಸ್ತಾಗಿ, ಬಿಳಿಚಿದ ಮುಖವಾಗಿ. ಮೇಲೆ ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಹೇಗೂ ಕಪ್ಪು, ರಾಗಿಮುದ್ದೆ ಉಣ್ಣುವವರದು ಮೊದಲೇ ಗಾಢ ಬಣ್ಣ, ಬೀಟ್‌ರೂಟ್ ತಿಂದ ಮರುದಿನ ಕೆಂಪು. ಕಣ್ಣನ್ನು ನಂಬಿ ಏನೂ ಹೇಳಲಾಗದು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶ ಬತ್ತಿ ರಕ್ತ ಕಡಿಮೆಯಾದರೆ ಟಾನಿಕ್ ಬರೆಯುವುದರ ಜೊತೆಗೆ ಜಠರ ಮತ್ತು ಕರುಳನ್ನು ನೋಡಲೇಬೇಕೆಂಬುದು ವೈದ್ಯಶಾಸ್ತ್ರದಲ್ಲಿ ಹೊಸ ಮಾತೇನಲ್ಲ, ಪಠ್ಯಪುಸ್ತಕದ ಮಾತು. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಅದು ಟಾನಿಕ್ ಬಾಟಲಿಯ ಹಿಂದೆ ಮರೆಯಾಗುತ್ತಿದೆ. ಇಂಥ ಒಬ್ಬರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಮುಂದಿನ ಸಲ ವೈದ್ಯರನ್ನು ಕಂಡಾಗ 'ರಕ್ತ ಯಾಕೆ ಕಮ್ಮಿಯಾಯ್ತು' ಎಂದು ಕೇಳಿ, ಉತ್ತರ ಬರುವವರೆಗೂ ಕೇಳಿ.

ಅಕ್ಕ ಮರುದಿನವೇ ಕೆಲಸ ಮುಗಿಸಿದಳು. ಹೇಗೆ ಮಾಡಿದೆ ಎಂದು ಈ ಸಲ ನಾನೇ ಕೇಳಿದೆ. ಖಾಲಿ ಐಸ್‌ಕ್ರೀಮ್ ಡಬ್ಬಿ ತೊಳೆದು ಒಣಗಿಸಿ ಇಟ್ಟುಕೊಂಡಿದ್ದಳು. ಮಾದರಿಗೆ ಕಮೋಡಿನ ನೀರು ತಾಗಬಾರದು, ಮುಖ್ಯವಾದದ್ದು ಅದೊಂದೇ. ನಮ್ಮ ಕೂರುವ ಕಕ್ಕಸಿನಲ್ಲಾದರೆ ಒಣಗಿದ ಪ್ಲಾಸ್ಟಿಕ್ ಹಾಳೆಯನ್ನೋ ದಪ್ಪ ಕಾಗದವನ್ನೋ ಹಾಸಿದರಾಯಿತು. ಮುಚ್ಚಳ ತಿರುಗಿಸಿದರೆ ಕಡ್ಡಿ ಹೊರಗೆ ಬರುತ್ತದೆ, ತುದಿಯಲ್ಲಿ ಗೀರುಗಳಿವೆ. ಅದನ್ನು ಮಲದ ಮೇಲೆ ಆ ಗೀರು ತುಂಬುವಷ್ಟು ಎಳೆಯಬೇಕು. ಹೆಚ್ಚು ಹಾಕಿದರೆ ಒಳ್ಳೆಯದಲ್ಲ, ಬೇಕಿರುವುದು ಹತ್ತು ಮಿಲಿಗ್ರಾಂ, ಒಂದು ಅಕ್ಕಿಕಾಳಿಗಿಂತ ಕಡಿಮೆ. ಕಡ್ಡಿಯನ್ನು ಶೀಶೆಗೆ ತೂರಿಸಿ 'ಟಕ್' ಎನ್ನುವಂತೆ ಮುಚ್ಚಿದರೆ ಮತ್ತೆ ತೆಗೆಯುವ ಹಾಗಿಲ್ಲ, ಒಳಗಿನ ದ್ರವ ರಕ್ತದ ಅಂಶ ಕೆಡದಂತೆ ಕಾಯುತ್ತದೆ. ಶೀಶೆಯ ಮೇಲೆ ತಾರೀಕು ಬರೆದು, ಲಕೋಟೆಗೆ ಹಾಕಿ, ಕೈ ತೊಳೆದು, ಅವತ್ತೇ ಅಂಚೆಗೆ. "ಎಲ್ಲ ಸೇರಿ ಐದು ನಿಮಿಷ ಆಗ್ಲಿಲ್ಲ ಕಣೇ, ಇದಕ್ಕೆ ಒಂದು ತಿಂಗಳು ಕಾಯಿಸಿದ್ನಲ್ಲ" ಎಂದಳು.

ಅಂಚೆಗೆ ಬೇಗ ಹಾಕಬೇಕೆನ್ನುವುದಕ್ಕೆ ಕಾರಣ ಸೆಖೆ. ಬಿಸಿಯಲ್ಲಿ ಹಿಮೋಗ್ಲೋಬಿನ್ ಒಡೆದುಹೋಗುತ್ತದೆ. ಇಟಲಿಯ ಫ್ಲಾರೆನ್ಸ್ ಸೀಮೆಯಲ್ಲಿ ಬೇಸಿಗೆಯ ಶೀಶೆಗಳಲ್ಲಿ ರಕ್ತ ಪತ್ತೆಯಾಗುವುದು ಚಳಿಗಾಲಕ್ಕಿಂತ ಕಡಿಮೆ ಎಂದು ಕಂಡುಕೊಂಡಿದ್ದಾರೆ. ಅಲ್ಲಿಯ ಬೇಸಿಗೆಗೇ ಹೀಗಾದರೆ ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಬೈಕಿನ ಡಿಕ್ಕಿಯೊಳಗೆ ಅರ್ಧ ದಿನ ಕಳೆದ ಶೀಶೆಯ ಗತಿ ಏನು? ಅಂಥ ಊರಿನವರು ಬೆಳಿಗ್ಗೆ ತೆಗೆದ ಮಾದರಿಯನ್ನು ತಂಪಿನಲ್ಲಿಟ್ಟು, ಬಿಸಿಲೇರುವ ಮೊದಲೇ ಲ್ಯಾಬ್‌ಗೆ ಮುಟ್ಟಿಸುವುದು ಕ್ಷೇಮ. ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ಕಣ್ಣೆದುರೇ ರಕ್ತ ಹೋಗುತ್ತಿರುವಾಗ ಮಾದರಿ ತೆಗೆಯಬಾರದು. ಇನ್ನು, ಔಷಧದಂಗಡಿಯಲ್ಲಿ ಗರ್ಭಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡುವ ಕಿಟ್‌ಗಳೂ ಸಿಗುತ್ತವೆ. ಎರಡನೇ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಗೆರೆಯೇ. ನಿಯಂತ್ರಣದ ಗೆರೆಯೇ ಮೂಡದಿದ್ದರೆ ಆ ಪಟ್ಟಿ ಕೆಟ್ಟಿದೆ, ಅದರಲ್ಲಿ ಬಂದದ್ದು ಉತ್ತರವೇ ಅಲ್ಲ.

ಎರಡು ವಾರದೊಳಗೆ ಅಕ್ಕನಿಗೆ ಉತ್ತರ ಬಂತು: ಸದ್ಯ ಮುಂದಿನ ಪರೀಕ್ಷೆ ಬೇಡ, ಎರಡು ವರ್ಷಕ್ಕೆ ಮತ್ತೆ ಶೀಶೆ ಕಳಿಸುತ್ತೇವೆ. ಇಂಗ್ಲೆಂಡಿನಲ್ಲಿ ನೂರರಲ್ಲಿ ಸುಮಾರು 98 ಜನಕ್ಕೆ ಬರುವುದು ಇದೇ ಉತ್ತರ. ಆದರೆ ಆ ಓಲೆ ಎಲ್ಲಿಯೂ 'ನಿಮಗೆ ಕ್ಯಾನ್ಸರ್ ಇಲ್ಲ' ಎಂದು ಹೇಳುವುದಿಲ್ಲ. ಪಾಸಿಟಿವ್ ಎನ್ನಲು 2019ರಲ್ಲಿ ಇಂಗ್ಲೆಂಡ್ ಇಟ್ಟುಕೊಂಡ ಗೆರೆ, ಒಂದು ಗ್ರಾಂ ಮಲದಲ್ಲಿ 120 ಮೈಕ್ರೋಗ್ರಾಂ ಹಿಮೋಗ್ಲೋಬಿನ್. ಪಕ್ಕದ ಸ್ಕಾಟ್ಲೆಂಡ್‌ಗೆ ಅದು 80, ನೆದರ್ಲೆಂಡ್ಸ್‌ಗೆ 47, ತೈವಾನ್‌ಗೆ 20. ದೇಹ ಒಂದೇ, ಗೆರೆ ಬೇರೆ ಬೇರೆ. ಗೆರೆ ಕೆಳಗಿಳಿಸಿದಷ್ಟೂ ಹೆಚ್ಚು ಜನರಿಗೆ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡಕರುಳನ್ನು ನೋಡುವ ಪರೀಕ್ಷೆ, ಮಾಡಬೇಕು. ಅಷ್ಟು ವೈದ್ಯರು, ಅಷ್ಟು ಯಂತ್ರಗಳು ಎಲ್ಲಿವೆ ಎಂಬ ಲೆಕ್ಕವೂ ಆ ಸಂಖ್ಯೆಯೊಳಗೆ ಕೂತಿದೆ. ಹಾಗೆಂದು 120 ಎಂಬುದು ಭಾರಿ ಪ್ರಮಾಣವೇನಲ್ಲ. ದಿನದ ಇನ್ನೂರು ಗ್ರಾಂ ಮಲದಲ್ಲಿ ಸುಮಾರು ಮೂರು ಹನಿ ರಕ್ತ ಬೆರೆತರೆ ಲೆಕ್ಕಕ್ಕೆ ಅಷ್ಟಾಗುತ್ತದೆ. ಒಂದು ಸಲದ ಫಿಟ್ ಹತ್ತು ಕ್ಯಾನ್ಸರ್‌ಗಳಲ್ಲಿ ಏಳೆಂಟನ್ನು ಹಿಡಿಯುತ್ತದೆ, ಪಾಲಿಪ್‌ಗಳನ್ನು ಹಿಡಿಯುವುದು ಅದಕ್ಕಿಂತ ಬಹಳ ಕಡಿಮೆ. ಗಂಟುಗಳು ದಿನಾ ರಕ್ತ ಸುರಿಸುವುದಿಲ್ಲ, ಬಿಟ್ಟು ಬಿಟ್ಟು ಜಿನುಗುತ್ತವೆ. ವರ್ಷವೋ ಎರಡು ವರ್ಷವೋ ಬಿಟ್ಟು ಮತ್ತೆ ಮತ್ತೆ ಮಾಡಿದರೆ ಮಾತ್ರ ಈ ಬಲೆ ಸಣ್ಣ ಕಣ್ಣಿನದಾಗುತ್ತದೆ. ನಡುವೆ ಕಣ್ಣಿಗೆ ರಕ್ತ ಕಂಡರೆ, ಹೊಟ್ಟೆಯ ರೂಢಿ ವಾರಗಟ್ಟಲೆ ಬದಲಾದರೆ, ತೂಕ ಇಳಿದರೆ, ಹಿಂದಿನ ಓಲೆಯನ್ನು ನೆಚ್ಚದೆ ವೈದ್ಯರ ಹತ್ತಿರ ಹೋಗಬೇಕು.

ಇನ್ನು ನೂರರಲ್ಲಿ ಉಳಿದ ಇಬ್ಬರ ವಿಷಯ. ಗೆರೆ ದಾಟಿದವರದು. ಅವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಮೂಲವ್ಯಾಧಿ, ಕರುಳಿನ ಉರಿಯೂತ, ಅಥವಾ ಪಾಲಿಪ್‌ಗಳು. ಕೊಲೊನೋಸ್ಕೋಪಿಯ ಹೊತ್ತಿನಲ್ಲೇ ಪಾಲಿಪ್‌ಗಳನ್ನು ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆಯುತ್ತಾರೆ, ಮುಂದೆ ಬರಬಹುದಾಗಿದ್ದ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. ನನ್ನ ಎಣಿಕೆಯಲ್ಲಿ ಈ ಪರೀಕ್ಷೆಯ ನಿಜವಾದ ಬೆಲೆ ಇಲ್ಲಿದೆ. ಕುತ್ತು ಇರುವುದೂ ಇಲ್ಲೇ, ತಡ ಮಾಡುವುದರಲ್ಲಿ. 1985ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ತಪಾಸಣೆಯಲ್ಲಿ ಮಲದ ಮಾದರಿಯಲ್ಲಿ ಗುಪ್ತ ರಕ್ತದ ಗುರುತು ಕಂಡಿತ್ತು. ಅವರ ಇಡೀ ದೊಡ್ಡಕರುಳನ್ನು ನೋಡಿದ್ದು ಜುಲೈ 12ರಂದು. ಬಲಭಾಗದ ಆರಂಭದಲ್ಲೇ ದೊಡ್ಡ ಗೆಡ್ಡೆ. ಮರುದಿನ ಸುಮಾರು ಎರಡು ಅಡಿ ಕರುಳನ್ನು ಕತ್ತರಿಸಿ ತೆಗೆದರು. ಅಷ್ಟು ಹೊತ್ತು ಅಧ್ಯಕ್ಷರ ಅಧಿಕಾರ ಉಪಾಧ್ಯಕ್ಷ ಜಾರ್ಜ್ ಬುಷ್ ಕೈಯಲ್ಲಿತ್ತು. ಗೆಡ್ಡೆಯಲ್ಲಿ ಕ್ಯಾನ್ಸರ್ ಇತ್ತು, ಆದರೆ ಹರಡಿರಲಿಲ್ಲ. ರೇಗನ್ ಮುಂದೆ 2004ರವರೆಗೆ, 93 ವರ್ಷ ತುಂಬಿ ಬದುಕಿದರು. ಜಗತ್ತಿನ ಅತ್ಯಂತ ಕಾವಲಿನ ಮನುಷ್ಯನಿಗೂ ಆ ಸಣ್ಣ ಗುರುತಿನಿಂದ ಕೊಲೊನೋಸ್ಕೋಪಿಗೆ ನಾಲ್ಕು ತಿಂಗಳಾಯಿತು. ಪಾಸಿಟಿವ್ ಬಂದ ಮೇಲೆ ಹತ್ತು ತಿಂಗಳು ದಾಟಿಸಿದವರಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಹೆಚ್ಚು ಎಂದು ಅಮೆರಿಕದಲ್ಲೇ 70 ಸಾವಿರ ಜನರನ್ನು ನೋಡಿದ ಅಧ್ಯಯನವೊಂದು 2017ರಲ್ಲಿ ತೋರಿಸಿತು. ಇನ್ನೊಂದು ಸಲ ಮಾಡಿಸಿ ನೋಡೋಣ, ಆಗ ನೆಗೆಟಿವ್ ಬಂದರೆ ನಿಶ್ಚಿಂತೆ ಎಂದು ಮನಸ್ಸು ಹೇಳುತ್ತದೆ. ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ.

ನಮ್ಮ ದೇಶದಲ್ಲಿ ಹೀಗೆ ಮನೆಮನೆಗೆ ಶೀಶೆ ಕಳಿಸುವ ವ್ಯವಸ್ಥೆ ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಸಾಮೂಹಿಕ ತಪಾಸಣೆಗೆ ಆರಿಸಿಕೊಂಡದ್ದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳನ್ನು. ಅದು ತಪ್ಪಲ್ಲ. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ನಮ್ಮಲ್ಲಿ ವರ್ಷಕ್ಕೆ ಲಕ್ಷಕ್ಕೆ 5ರ ಆಸುಪಾಸು, ಬ್ರಿಟನ್ನಿನಲ್ಲಿ 30ಕ್ಕೂ ಹೆಚ್ಚು. ಕೊಕ್ಕೆಹುಳು, ಮೂಲವ್ಯಾಧಿ ಇರುವ ಕಡೆ ಪಾಸಿಟಿವ್ ಬಂದವರನ್ನೆಲ್ಲ ಕೊಲೊನೋಸ್ಕೋಪಿಗೆ ಕಳಿಸುವುದು ಜಿಲ್ಲಾ ಆಸ್ಪತ್ರೆಗಳಿಗೆ ಸಾಧ್ಯವೂ ಇಲ್ಲ. ಆದರೆ ದರ ಕಡಿಮೆಯಾದರೂ ಜನ ಹೆಚ್ಚು: ದೇಶದಲ್ಲಿ ವರ್ಷಕ್ಕೆ 65ರಿಂದ 70 ಸಾವಿರ ಹೊಸ ರೋಗಿಗಳೆಂಬ ಅಂದಾಜಿದೆ. ಆರಂಭದ ಹಂತದಲ್ಲಿ ಸಿಕ್ಕರೆ ಹತ್ತರಲ್ಲಿ ಒಂಬತ್ತು ಜನ ಐದು ವರ್ಷ ದಾಟುತ್ತಾರೆ, ಯಕೃತ್ತಿಗೆ ಹರಡಿದ ಮೇಲೆ ಒಬ್ಬಿಬ್ಬರು. ಸರ್ಕಾರದ ಲಕೋಟೆಗೆ ಕಾಯದೆ, 50 ದಾಟಿದವರು ಮನೆ ವೈದ್ಯರ ಹತ್ತಿರ ಈ ಪರೀಕ್ಷೆಯ ಮಾತು ಎತ್ತಬಹುದು. ಅಮೆರಿಕದಲ್ಲಂತೂ 2021ರಿಂದ 45ಕ್ಕೇ ಆರಂಭಿಸಿ ಎನ್ನುತ್ತಿದ್ದಾರೆ. ಲ್ಯಾಬ್‌ಗೆ ಹೋದಾಗ ನಡೆಯುವುದು ಹಳೆಯ ರಾಸಾಯನಿಕ ಪರೀಕ್ಷೆಯೋ ಫಿಟ್ಟೋ ಎಂದು ವಿಚಾರಿಸಿ. ರಾಸಾಯನಿಕದ್ದಾದರೆ ಮೂರು ದಿನ ಮಾಂಸ, ಮೂಲಂಗಿ ಬೇಡ.

ಮನೆಯಲ್ಲೇ ಈ ಕಾಯಿಲೆ ಬಂದುಹೋದವರ ದಾರಿ ಬೇರೆ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ 60ರೊಳಗೆ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ದರೆ ಶೀಶೆ ಸಾಲದು. 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ನೇರವಾಗಿ ಕೊಲೊನೋಸ್ಕೋಪಿ ಮಾಡಿಸಬೇಕೆನ್ನುತ್ತಾರೆ ತಜ್ಞರು. ಇದನ್ನು ಓದಿದ ದಿನ ನನಗೆ ಚಿಕ್ಕಪ್ಪನ ಮಗ ನೆನಪಾದ. ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ, 46 ಆಗಿದೆ. ಫೋನು ಮಾಡಿ ಹೇಳಿದೆ. "ನಂಗೇನಾಗಿದೆ ಅಕ್ಕ, ಗಟ್ಟಿಮುಟ್ಟಾಗಿದೀನಿ" ಎಂದ. ಅವರಪ್ಪನೂ ಆ ವಯಸ್ಸಿನಲ್ಲಿ ಗಟ್ಟಿಮುಟ್ಟಾಗಿಯೇ ಇದ್ದರು ಎಂದೆ. ಅಡಿಕೆ ಕೊಯ್ಲು ಮುಗಿಯಲಿ ಎಂದ. ಕೊಯ್ಲು ಮುಗಿಯಿತು. ಚಪ್ಪರದ ಬಿದಿರು ಬಿಚ್ಚಿದ ಮೇಲೆ ಎಂದ. ಈ ನಡುವೆ ಲೆಸ್ಟರ್‌ನಿಂದ ಅಕ್ಕ ಅವನಿಗೆ ಫೋನು ಹಚ್ಚಿ ತನ್ನ ಐಸ್‌ಕ್ರೀಮ್ ಡಬ್ಬಿಯ ಕಥೆಯನ್ನು ಏನೂ ಬಿಡದೆ ಹೇಳಿದಳಂತೆ. ಅಕ್ಕನ ಬಾಯಲ್ಲಿ ಅದನ್ನೆಲ್ಲ ಕೇಳಿ ಅವನು ಏನು ಮಾಡಬೇಕೋ ತಿಳಿಯದೆ ಒಪ್ಪಿಕೊಂಡುಬಿಟ್ಟ.

ಮೊನ್ನೆ ಶಿವಮೊಗ್ಗಕ್ಕೆ ಬಂದು, ಭಾವನೆಂಟರ ಮನೆಯಲ್ಲಿ ಉಳಿದಿದ್ದ. ಮರುದಿನ ಬೆಳಿಗ್ಗೆ ಪರೀಕ್ಷೆ. ಹಿಂದಿನ ರಾತ್ರಿ ಎರಡು ಲೀಟರ್ ನೀರಿಗೆ ಪುಡಿ ಕಲಸಿ, ಕಾಲು ಗಂಟೆಗೊಂದು ಲೋಟದಂತೆ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ಕೊನೆಗೆ ಹೋಗುವುದು ತಿಳಿನೀರಿನಂತಾಗುವವರೆಗೆ. ಹತ್ತು ಗಂಟೆಗೆ ಫೋನು ಬಂತು.

"ಅಕ್ಕ, ಈಗ ಎಂಟನೇ ಸಲ. ಬರೀ ನೀರು, ತಿಳಿ ಹಳದಿ. ತಳದಲ್ಲಿ ಸ್ವಲ್ಪ ಚೂರು ಚೂರು ಇದೆ. ಸಾಕಾ?"

"ಪುಡಿ ನೀರು ಎಷ್ಟು ಉಳಿದಿದೆ?"

"ಅರ್ಧ ಲೀಟರ್."

"ಕುಡಿ" ಎಂದೆ. "ಮುಗಿಸಿ, ಮತ್ತೆ ನೋಡಿ ಹೇಳು."